ಬಾಚಿದರೂ ಹೋಗದ ಸುಳಿ



ಶಿವಾಜಿನಗರದ ಸಿಮ್ಲಾ ಆಫೀಸ್ ಚೌಕವನ್ನು ನಿಮ್ಮಲ್ಲಿ ಅನೇಕರು ಕಾಲೇಜಿಗೆ ಹೋಗುವಾಗ, ಬರುವಾಗ ದಾಟುತ್ತೀರಿ. ಪುಣೆಯ ನಡುವೆ ಸಿಮ್ಲಾದ ಹೆಸರು ಏಕೆ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? 1928ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. 1944ರಲ್ಲಿ ಅದು ದೆಹಲಿಗೆ ಹೋಯಿತಾದರೂ ಇಲ್ಲಿನ ಕಟ್ಟಡವೂ ಕೆಲಸವೂ ಉಳಿದವು, ಹೆಸರಂತೂ ಊರಿಗೇ ಅಂಟಿಕೊಂಡಿತು. ಆ ಕಟ್ಟಡದವರ ನಿತ್ಯದ ತಲೆನೋವು ಏನು? ಗಾಳಿಯ ಸುಳಿಗಳು. ಅರಬ್ಬೀ ಸಮುದ್ರದ ಚಂಡಮಾರುತವೂ ಒಂದು ಸುಳಿ. ಬೇಸಿಗೆಯಲ್ಲಿ ಕಸ ಎತ್ತಿಕೊಂಡು ಓಡುವ ಸುಳಿಗಾಳಿಯೂ ಒಂದು ಸುಳಿ. ಅಲ್ಲಿಂದ ಸ್ವಲ್ಪ ದೂರದ ಸಂಗಮ ಸೇತುವೆಯ ಮೇಲೆ, ಖಡಕವಾಸಲಾದಿಂದ ನೀರು ಬಿಟ್ಟ ದಿನ ನಿಂತು ನೋಡಿದರೆ, ಮುಳಾ ಮತ್ತು ಮುಠಾ ನದಿಗಳು ಕೂಡುವಲ್ಲಿ ಕೆಂಪು ನೀರಿನಲ್ಲಿ ಹತ್ತಾರು ಸುಳಿಗಳು ಹುಟ್ಟಿ ಒಡೆಯುವುದು ಕಾಣುತ್ತದೆ.

ಈ ‘ಸುಳಿ’ ಎಂಬ ನಮ್ಮ ಪದ ಬಹಳ ಸೊಗಸಾದದ್ದು. ನೀರಿನ ಸುಳಿಗೂ ಅದೇ ಪದ, ನೆತ್ತಿಯ ಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೂ ಅದೇ ಪದ. ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಿಮ್ಮ ಅಜ್ಜಿ ಹೇಳಿ ನಗಿಸಿರಬಹುದು. ನಿಮ್ಮ ಮರಾಠಿ ಗೆಳೆಯರು ಎರಡಕ್ಕೂ ‘ಭೋವರಾ’ ಎನ್ನುತ್ತಾರೆ. ಆಡುವ ಬುಗುರಿಗೂ ಅವರಲ್ಲಿ ಅದೇ ಹೆಸರು. ನೀರಿನ ಸುಳಿಗೂ ಕೂದಲಿನ ಸುಳಿಗೂ ಒಂದೇ ಪದವಿಟ್ಟ ನಮ್ಮ ಹಿರಿಯರಿಗೆ ಭೌತಶಾಸ್ತ್ರ ಗೊತ್ತಿತ್ತೆಂದು ನಾನು ಹೇಳಹೊರಟಿಲ್ಲ, ಅಂಥ ಮಾತು ಈಗಾಗಲೇ ಬೇಕಾದಷ್ಟು ಕೇಳಿದ್ದೇವೆ! ಆದರೆ ಈ ಲೇಖನದ ವಿಷಯಕ್ಕೆ ಆ ಪದ ಕೈಗವಸಿನಂತೆ ಕೂರುತ್ತದೆ. ಏಕೆಂದು ಮುಂದೆ ನೋಡೋಣ.

ಮೊದಲು ಸಾಧಾರಣ ನೀರಿನ ಸಂಗತಿ. ನಲ್ಲಿಯನ್ನು ಮೆಲ್ಲಗೆ ತಿರುಗಿಸಿದರೆ ನೀರು ಗಾಜಿನ ಕಡ್ಡಿಯಂತೆ ನೆಟ್ಟಗೆ ಬೀಳುತ್ತದೆ. ಪೂರ್ತಿ ತಿರುಗಿಸಿದರೆ ಕದಡಿ, ಸೀಳಿ, ಚೆಲ್ಲಾಪಿಲ್ಲಿಯಾಗುತ್ತದೆ. ಈ ಎರಡನೆಯ ಸ್ಥಿತಿಗೆ ‘ಪ್ರಕ್ಷುಬ್ಧತೆ’ ಎಂದು ಹೆಸರು, ಇಂಗ್ಲಿಷಿನಲ್ಲಿ ಟರ್ಬ್ಯುಲೆನ್ಸ್. ವಿಮಾನದಲ್ಲಿ ಬೆಲ್ಟು ಕಟ್ಟಿಕೊಳ್ಳಿ ಎನ್ನುವಾಗ ಗಗನಸಖಿ ಬಳಸುವ ಪದವೇ. ಇಲ್ಲಿ ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಗಳಾಗುತ್ತವೆ, ಚಿಕ್ಕವು ಇನ್ನೂ ಚಿಕ್ಕವಾಗುತ್ತವೆ. ಕೊನೆಗೆ ನೀರಿನ ಸ್ನಿಗ್ಧತೆ, ಅಂದರೆ ಪದರ ಪದರಗಳ ನಡುವಿನ ಜಿಗುಟು, ಆ ಚಲನೆಯನ್ನೆಲ್ಲ ತಿಂದು ಶಾಖವಾಗಿ ಮಾಡುತ್ತದೆ. ರಷ್ಯದ ಕೊಲ್ಮೊಗೊರೊವ್ ಎಂಬ ಗಣಿತಜ್ಞರು 1941ರಲ್ಲಿ ಈ ಹಂಚಿಕೆಗೆ ಒಂದು ಸರಳ ಲೆಕ್ಕ ಕೊಟ್ಟರು. ಲೆಕ್ಕ ಬಹುಮಟ್ಟಿಗೆ ಸರಿಹೊಂದುತ್ತದೆ. ಆದರೆ ಏಕೆ ಸರಿಹೊಂದುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಹರಿವಿನ ಮೂಲ ಸಮೀಕರಣದಿಂದ ಹೊರಡಿಸಿ ತೋರಿಸಲು ಇಂದಿಗೂ ಆಗಿಲ್ಲ. ಕಷ್ಟ ಎಲ್ಲಿದೆಯೆಂದರೆ, ನೀರಿನಲ್ಲಿ ಸುಳಿಯನ್ನು ಎಣಿಸಲಾಗುವುದಿಲ್ಲ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವವರಾರು? ಸುಳಿ ಎಷ್ಟು ಬಲವಾಗಿಯಾದರೂ ಇರಬಹುದು, ಎಷ್ಟು ಸಣ್ಣದಾಗಿಯಾದರೂ ಇರಬಹುದು.

ಸುಳಿಗಳನ್ನು ಒಂದು, ಎರಡು, ಮೂರು ಎಂದು ಎಣಿಸಬಹುದಾದ ದ್ರವವೊಂದು ಇದ್ದಿದ್ದರೆ?

ಇದೆ. ಹೀಲಿಯಂ ಅನಿಲವನ್ನು ದ್ರವವಾಗಿಸಿ, ಪರಮ ಶೂನ್ಯಕ್ಕಿಂತ 2.17 ಡಿಗ್ರಿ ಮೇಲಿನ ಮಟ್ಟಕ್ಕಿಂತ ಕೆಳಗೆ ತಣಿಸಿದರೆ (ಪರಮ ಶೂನ್ಯವೆಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಸುಮಾರು 273 ಡಿಗ್ರಿ ಕೆಳಗೆ) ಅದಕ್ಕೆ ಜಿಗುಟೇ ಇಲ್ಲದಂತಾಗುತ್ತದೆ. ಕೂದಲೂ ತೂರದ ಸಂದಿನಲ್ಲಿ ಸಲೀಸಾಗಿ ಹರಿಯುತ್ತದೆ. 1937ರ ಕೊನೆಯಲ್ಲಿ ಮಾಸ್ಕೋದಲ್ಲಿ ಕಪಿತ್ಸಾ, ಕೇಂಬ್ರಿಜ್‌ನಲ್ಲಿ ಆಲೆನ್ ಮತ್ತು ಮೈಸ್ನರ್ ಬೇರೆ ಬೇರೆಯಾಗಿ ಇದನ್ನು ಕಂಡರು. ಇದಕ್ಕೆ ಸೂಪರ್‌ಫ್ಲೂಯಿಡ್ ಎಂದು ಹೆಸರಾಯಿತು. ನಾವು ‘ಅತಿದ್ರವ’ ಎನ್ನೋಣ. 1949ರಲ್ಲಿ ಆನ್ಸಾಗರ್, 1955ರಲ್ಲಿ ಫೈನ್‌ಮನ್ ಇಂಥ ದ್ರವದಲ್ಲಿ ಸುಳಿ ಹೇಗಿರಬೇಕೆಂದು ಯೋಚಿಸಿದರು. ಉತ್ತರ ವಿಚಿತ್ರವಾಗಿತ್ತು: ಸುಳಿಯ ಬಲ ಮನಬಂದಷ್ಟು ಇರುವಂತಿಲ್ಲ. ಒಂದು ಪಾಲು, ಎರಡು ಪಾಲು, ಮೂರು ಪಾಲು ಎಂದು ಇಡಿಯಾಗಿಯೇ ಇರಬೇಕು. ಒಂದೂವರೆ ಪಾಲಿನ ಸುಳಿ ಎಂಬುದೇ ಇಲ್ಲ.

ಏಕೆ? ಗಣೇಶೋತ್ಸವದ ಮೆರವಣಿಗೆಯ ಲೇಜಿಮ್ ತಂಡವನ್ನು ನೆನೆಸಿಕೊಳ್ಳಿ. ಇಪ್ಪತ್ತು ಜನ ದುಂಡಗೆ ನಿಂತಿದ್ದಾರೆ. ಪ್ರತಿಯೊಬ್ಬರೂ ತಮ್ಮ ಬಲಗಡೆಯವರಿಗಿಂತ ಸ್ವಲ್ಪ ತಡವಾಗಿ ಲೇಜಿಮ್ ಎತ್ತಬೇಕೆಂದು ನಿಯಮ. ಆಗ ಒಂದು ಅಲೆ ಸುತ್ತು ಹೊಡೆಯುವಂತೆ ಕಾಣುತ್ತದೆ, ಅಲ್ಲವೇ? ಆದರೆ ಸುತ್ತು ಮುಗಿದು ಮೊದಲಿನವರ ಬಳಿ ಬಂದಾಗ ಆ ಎಲ್ಲ ‘ಸ್ವಲ್ಪ ತಡ’ಗಳು ಸೇರಿ ತಾಳದ ಒಂದು ಪೂರ್ಣ ಆವರ್ತವಾಗಿರಬೇಕು, ಇಲ್ಲವೇ ಎರಡು ಪೂರ್ಣ ಆವರ್ತ. ಒಂದೂವರೆ ಆದರೆ ಮೊದಲಿನವರು ಮತ್ತು ಕೊನೆಯವರು ಪಕ್ಕಪಕ್ಕದಲ್ಲೇ ನಿಂತು ತಾಳ ತಪ್ಪುತ್ತಾರೆ. ಅತಿದ್ರವದಲ್ಲಿ ಕೋಟ್ಯಂತರ ಪರಮಾಣುಗಳು ಒಂದೇ ತಾಳಕ್ಕೆ ಕಟ್ಟುಬಿದ್ದಿರುತ್ತವೆ. ಸುತ್ತ ಬಂದಾಗ ತಾಳ ಕೂಡಲೇಬೇಕು. ಅದಕ್ಕೇ ಸುಳಿಯ ಬಲ ಇಡಿ ಸಂಖ್ಯೆ. ಒಂದು ಪಾಲು ಎಷ್ಟು ಎಂಬುದನ್ನು ಪ್ಲಾಂಕ್ ಸ್ಥಿರಾಂಕ ಮತ್ತು ಪರಮಾಣುವಿನ ತೂಕ ಎರಡೇ ತೀರ್ಮಾನಿಸುತ್ತವೆ. ಬಕೆಟ್ಟು ಎಷ್ಟು ದೊಡ್ಡದು, ಕಲಕಿದವರಾರು ಎಂಬುದು ಲೆಕ್ಕಕ್ಕಿಲ್ಲ. ಎರಡು ಪಾಲಿನ ಸುಳಿ ಹುಟ್ಟಿದರೂ ಸಾಮಾನ್ಯವಾಗಿ ಒಂದೊಂದು ಪಾಲಿನ ಎರಡಾಗಿ ಒಡೆಯುತ್ತದೆ.

ಇನ್ನು ಲೇಜಿಮ್ ವೃತ್ತವನ್ನು ಚಿಕ್ಕದು ಮಾಡುತ್ತಾ ಹೋಗಿ. ಹತ್ತು ಜನ, ಐದು ಜನ, ಮೂರು ಜನ. ಅದೇ ಒಂದು ಆವರ್ತವನ್ನು ಕಡಿಮೆ ಜನ ಹಂಚಿಕೊಳ್ಳಬೇಕು, ಹಾಗಾಗಿ ಅಕ್ಕಪಕ್ಕದವರ ನಡುವಿನ ವ್ಯತ್ಯಾಸ ಹೆಚ್ಚುತ್ತದೆ. ದ್ರವದಲ್ಲಿ ಇದರರ್ಥ ವೇಗ ಹೆಚ್ಚುತ್ತದೆ. ನಟ್ಟನಡುವೆ ಒಬ್ಬನನ್ನೇ ನಿಲ್ಲಿಸಿದರೆ ಅವನು ಯಾವ ತಾಳಕ್ಕೆ ಲೇಜಿಮ್ ಎತ್ತಬೇಕು? ಉತ್ತರವಿಲ್ಲ. ಆದ್ದರಿಂದ ಸುಳಿಯ ನಡುವೆ ಅತಿದ್ರವವೇ ಇರುವುದಿಲ್ಲ, ಬರೀ ತೂತು. ಈಗ ಕನ್ನಡಿಯ ಮುಂದೆ ನಿಂತು ನೆತ್ತಿಯ ಸುಳಿ ನೋಡಿಕೊಳ್ಳಿ. ಸುತ್ತಲೂ ಕೂದಲಿಗೆ ಒಂದೊಂದು ದಿಕ್ಕಿದೆ. ನಡುವಿನ ಬಿಂದುವಿಗೆ ದಿಕ್ಕಿಲ್ಲ. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಸುಳಿ ಅತ್ತಿತ್ತ ಸರಿದೀತೇ ಹೊರತು ಮಾಯವಾಗುವುದಿಲ್ಲ. ಅತಿದ್ರವದ ಸುಳಿಯೂ ಹೀಗೆಯೇ. ಅದು ತಾನಾಗಿ ಕರಗಿಹೋಗುವಂತಿಲ್ಲ. ಹೋಗಬೇಕಾದರೆ ಅಂಚಿಗೆ ಸರಿದು ಹೊರಗೆ ಬೀಳಬೇಕು, ಇಲ್ಲವೇ ತನಗೆ ವಿರುದ್ಧವಾಗಿ ತಿರುಗುವ ಜೋಡಿಯನ್ನು ಕೂಡಿ ಎರಡೂ ಇಲ್ಲವಾಗಬೇಕು.

ಸೆಕೆಂಡಿಗೆ ಒಂದು ಸುತ್ತಿನಂತೆ ಅತಿದ್ರವ ಹೀಲಿಯಂನ ಪಾತ್ರೆಯನ್ನು ತಿರುಗಿಸಿದರೆ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 12,000 ಸುಳಿಗಳು ಪೈರಿನಂತೆ ಎದ್ದು ನಿಲ್ಲುತ್ತವೆ. ಆದರೆ ಒಂದೊಂದು ಸುಳಿಯ ತೂತೂ ಒಂದು ಪರಮಾಣುವಿನಷ್ಟೇ ಅಗಲ. ಕಣ್ಣಿಗೆ ಕಾಣುವುದಾದರೂ ಹೇಗೆ? 2006ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಬ್ಯೂಲಿ, ಲೇಥ್ರಪ್ ಮತ್ತು ಕೆ. ಆರ್. ಶ್ರೀನಿವಾಸನ್ ಒಂದು ಉಪಾಯ ಹೂಡಿದರು. ಹೈಡ್ರೋಜನ್ನಿನ ಸೂಕ್ಷ್ಮ ಹಿಮದ ಕಣಗಳನ್ನು ಹೀಲಿಯಂನಲ್ಲಿ ಬಿಟ್ಟರು. ಕಣಗಳು ಸುಳಿಯ ಗೆರೆಗೆ ಸಿಕ್ಕಿ, ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕಂಡವು. ಈ ಶ್ರೀನಿವಾಸನ್ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊದ್ದಂ ನರಸಿಂಹ ಅವರ ಬಳಿ ಸಂಶೋಧನೆ ಮಾಡಿದವರು. ಗಾಳಿ ನೀರುಗಳ ಪ್ರಕ್ಷುಬ್ಧತೆಯ ಅಭ್ಯಾಸದಲ್ಲಿ ಬೆಂಗಳೂರಿಗೆ ದೊಡ್ಡ ಪರಂಪರೆಯೇ ಇದೆ.

ಸರಿ, ಹೀಲಿಯಂ ಬಿಟ್ಟು ಇನ್ನೂ ತಣ್ಣಗಿನ ಲೋಕಕ್ಕೆ ಹೋಗೋಣ. 1924ರಲ್ಲಿ ಢಾಕಾದಲ್ಲಿ ಮೇಷ್ಟರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯೊಂದನ್ನು ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೂ ಹೊಂದಿಸಿ, ಅನಿಲವನ್ನು ಸಾಕಷ್ಟು ತಣಿಸಿದರೆ ಪರಮಾಣುಗಳೆಲ್ಲ ಒಂದೇ ಅಲೆಯಂತೆ ವರ್ತಿಸುತ್ತವೆ ಎಂದರು. ಆ ‘ಸಾಕಷ್ಟು’ ಎನ್ನುವುದಕ್ಕೆ 70 ವರ್ಷ ಬೇಕಾಯಿತು! 1995ರ ಜೂನ್‌ನಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂ ಪರಮಾಣುಗಳಲ್ಲಿ ಇದನ್ನು ಸಾಧಿಸಿದರು. ಮೊದಲು ಲೇಸರ್ ಕಿರಣಗಳಿಂದ ಪರಮಾಣುಗಳ ಓಟ ತಗ್ಗಿಸುವುದು; ಆಮೇಲೆ ಅಯಸ್ಕಾಂತದ ಬಲೆಯಲ್ಲಿ ಹಿಡಿದು, ಹೆಚ್ಚು ಬಿಸಿಯಾದವನ್ನು ಮಾತ್ರ ಹೊರಗೆ ಬಿಡುವುದು. ಹಿರಿಯರು ಕಾಫಿಯನ್ನು ಬಸಿಗೆ ಸುರಿದು ಊದಿ ಕುಡಿಯುತ್ತಿದ್ದರಲ್ಲ, ಅಲ್ಲಿ ಕಾಫಿ ತಣಿಯುವುದೂ ಇದೇ ನ್ಯಾಯದಿಂದ. ಕೊನೆಗೆ ಉಳಿದದ್ದು ಸುಮಾರು 2,000 ಪರಮಾಣು; ಉಷ್ಣತೆ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಮೇಲೆ. ಇವರಿಬ್ಬರಿಗೂ ಕೆಟರ್ಲೆ ಅವರಿಗೂ 2001ರಲ್ಲಿ ನೊಬೆಲ್ ಬಂತು. ನಮ್ಮ ಪಾಷಾಣದ ಐಸರ್ ಸಂಸ್ಥೆಯಲ್ಲೂ ಹೀಗೆ ಲೇಸರ್‌ನಿಂದ ರುಬಿಡಿಯಂ ತಣಿಸುವ ಪ್ರಯೋಗಾಲಯವಿದೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಇದೆ.

ಇದು ಅನಿಲವೇ ಆದರೂ ಹರಿಯುವ ರೀತಿ ಅತಿದ್ರವದ್ದು. ಇದರಲ್ಲಿ ಸುಳಿ ಬರುತ್ತದೆಯೇ? 1999ರಲ್ಲಿ ಬೌಲ್ಡರ್‌ನಲ್ಲಿ ಮೊದಲ ಸುಳಿ ಕಂಡಿತು. ಮರುವರ್ಷ ಪ್ಯಾರಿಸ್‌ನಲ್ಲಿ ಲೇಸರ್ ಕಿರಣವನ್ನೇ ಚಮಚೆ ಮಾಡಿಕೊಂಡು ಕಲಕಿ ಸುಳಿ ಎಬ್ಬಿಸಿದರು. 2001ರಲ್ಲಿ ಎಂಐಟಿಯಲ್ಲಿ ಕೆಟರ್ಲೆ ತಂಡದವರು ಸೋಡಿಯಂ ಪರಮಾಣುಗಳ ಮೋಡದಲ್ಲಿ ನೂರಕ್ಕೂ ಹೆಚ್ಚು ಸುಳಿಗಳ ಚಿತ್ರ ತೆಗೆದರು. ಆ ಚಿತ್ರ ನೋಡಿದರೆ ನಿಮಗೆ ರಂಗೋಲಿಯ ಚುಕ್ಕಿ ನೆನಪಾಗುತ್ತದೆ: ಒಂದೇ ಅಳತೆಯ ಕಪ್ಪು ಚುಕ್ಕೆಗಳು, ಒಂದರಿಂದೊಂದು ಸಮದೂರ, ತ್ರಿಕೋನ ತ್ರಿಕೋನವಾಗಿ. ಯಾರೂ ಇಟ್ಟದ್ದಲ್ಲ, ತಾವಾಗಿ ಸಾಲುಗಟ್ಟಿದವು. ಹೀಲಿಯಂನಲ್ಲಿ ಕಾಣದಿದ್ದ ತೂತು ಇಲ್ಲಿ ಸಾವಿರಾರು ಪಟ್ಟು ಅಗಲ. ಬಲೆಯನ್ನು ಥಟ್ಟನೆ ತೆಗೆದು ಮೋಡ ಹಿಗ್ಗಲು ಬಿಟ್ಟರೆ ತೂತೂ ಹಿಗ್ಗುತ್ತದೆ, ಕ್ಯಾಮೆರಾಕ್ಕೆ ನೆರಳಾಗಿ ಸಿಗುತ್ತದೆ.

ಇದು ಶಿಸ್ತಿನ ಸುಳಿಗಳ ಕತೆಯಾಯಿತು. ನಮಗೆ ಬೇಕಾದದ್ದು ಕದಡು. 2009ರಲ್ಲಿ ಬ್ರೆಜಿಲ್‌ನ ಸಾವೊ ಕಾರ್ಲೋಸ್‌ನಲ್ಲಿ ಬಾನ್ಯಾಟೊ ತಂಡದವರು ಮೋಡವನ್ನು ಒಂದೇ ದಿಕ್ಕಿಗೆ ತಿರುಗಿಸದೆ ಅತ್ತ ಇತ್ತ ಅಲುಗಿಸಿದರು. ಸುಳಿಗಳ ಗೆರೆಗಳು ಬಿಚ್ಚಿದ ನೂಲಿನುಂಡೆಯಂತೆ ಎಲ್ಲ ದಿಕ್ಕಿಗೂ ಹೆಣೆದುಕೊಂಡವು. ಎರಡು ಗೆರೆಗಳು ಅಡ್ಡ ಬಂದಾಗ ಅವು ಕತ್ತರಿಸಿ, ಇದರ ತಲೆ ಅದರ ಬಾಲಕ್ಕೆ ಕೂಡಿಕೊಳ್ಳುತ್ತವೆ. ಕೂಡಿದ ಹೊಸ ಗೆರೆ ಮೀಟಿದ ತಂಬೂರಿಯ ತಂತಿಯಂತೆ ನಡುಗುತ್ತದೆ. ನಡುಕ ಇನ್ನೂ ಸಣ್ಣ ನಡುಕವಾಗಿ ಕೊನೆಗೆ ಧ್ವನಿಯ ಅಲೆಯಾಗಿ ಹೊರಟುಹೋಗುತ್ತದೆ. ಜಿಗುಟು ಇಲ್ಲದ ದ್ರವದಲ್ಲಿ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಒಪ್ಪಿಕೊಂಡಿರುವ ಉತ್ತರ ಇದು. ಸ್ವಾರಸ್ಯವೆಂದರೆ, ಅತಿದ್ರವ ಹೀಲಿಯಂನ ಕದಡನ್ನು ದೂರದಿಂದ ಒಟ್ಟಾರೆ ಅಳೆದಾಗ ಕೊಲ್ಮೊಗೊರೊವ್‌ರ ಹಳೆಯ ನೀರಿನ ಲೆಕ್ಕವೇ ಮತ್ತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಎರಡಕ್ಕೂ ಏನೇನೂ ಹೋಲಿಕೆಯಿಲ್ಲ, ದೂರದಿಂದ ಒಂದೇ!

2019ರಲ್ಲಿ ಆಸ್ಟ್ರೇಲಿಯಾದ ಎರಡು ತಂಡಗಳು ಮೋಡವನ್ನು ದೋಸೆಯಂತೆ ತೆಳ್ಳಗೆ ಹರಡಿ ಕಲಕಿದವು. ತೆಳು ಪದರದಲ್ಲಿ ಸುಳಿಗಳು ಒಡೆಯುವ ಬದಲು ಒಂದೇ ದಿಕ್ಕಿಗೆ ತಿರುಗುವವು ಒಟ್ಟಾಗಿ ಗುಂಪು ಕಟ್ಟುತ್ತವೆ ಎಂದು ಆನ್ಸಾಗರ್ 1949ರಲ್ಲೇ ಹೇಳಿದ್ದರು. ಹಾಗೆಯೇ ಆಯಿತು. ಭೂಮಿಯ ವಾತಾವರಣವೂ ಅದರ ವಿಸ್ತಾರಕ್ಕೆ ಹೋಲಿಸಿದರೆ ತೆಳು ಪದರವೇ ಎಂಬುದನ್ನು ನೆನೆದರೆ ಸಿಮ್ಲಾ ಆಫೀಸಿನವರೂ ಈ ಸುದ್ದಿಗೆ ಕಿವಿಗೊಟ್ಟಾರು. ಆದರೂ ಉತ್ಪ್ರೇಕ್ಷೆ ಬೇಡ. ಪರಮಾಣು ಮೋಡ ತೀರಾ ಪುಟ್ಟದು. ದೊಡ್ಡ ಸುಳಿಗೂ ಚಿಕ್ಕ ಸುಳಿಗೂ ನಡುವೆ ನೀರಿನಲ್ಲಿ ಸಿಗುವಷ್ಟು ಹರವು ಇಲ್ಲಿ ಸಿಗದು. ಮಳೆಯ ಮುನ್ಸೂಚನೆ ಇದರಿಂದ ನಾಳೆಯೇ ಸುಧಾರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಈ ಎಣಿಸಬಹುದಾದ ಸುಳಿ ಪ್ರಯೋಗಾಲಯದ ಆಟಿಕೆ ಮಾತ್ರವೇ? ಇಲ್ಲ, ಆಕಾಶದಲ್ಲೂ ಇದೆ. ಇಲ್ಲಿ ಬೆಂಗಳೂರಿನ ಕತೆಯೊಂದು ಬರುತ್ತದೆ.

ಸರ್ ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಸ್ವೀಡನ್, ಅಮೆರಿಕ ಸುತ್ತಿ, 1960ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೇಡಿಯೋ ಖಗೋಳ ವಿಜ್ಞಾನಿಯಾಗಿದ್ದರು. ಗ್ಲೈಡರ್ ಕಟ್ಟುವುದು, ಹಾಯಿದೋಣಿಯಲ್ಲಿ ಸಮುದ್ರ ದಾಟುವುದು ಅವರ ಹವ್ಯಾಸಗಳು. ಗಾಳಿ ನೀರುಗಳ ಸುಳಿಯ ರುಚಿ ಅವರಿಗೆ ಮೈಯಲ್ಲೇ ಗೊತ್ತಿತ್ತೆನ್ನಿ. 1969ರಲ್ಲಿ ಅವರೂ ಮ್ಯಾಂಚೆಸ್ಟರ್ ಎಂಬ ಸಹೋದ್ಯೋಗಿಯೂ ಪಾರ್ಕ್ಸ್ ದೂರದರ್ಶಕದಿಂದ ವೇಲಾ ಎಂಬ ಪಲ್ಸಾರನ್ನು ಗಮನಿಸುತ್ತಿದ್ದರು. ಪಲ್ಸಾರ್ ಎಂದರೆ ತಿರುಗುವ ನ್ಯೂಟ್ರಾನ್ ನಕ್ಷತ್ರ. ಅಡ್ಡಗಲ ಇಪ್ಪತ್ತು ಕಿಲೋಮೀಟರ್, ಹೆಚ್ಚುಕಡಿಮೆ ಶಿವಾಜಿನಗರದಿಂದ ಖಡಕವಾಸಲಾ ದಾಟುವಷ್ಟು. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ವೇಲಾ ಸೆಕೆಂಡಿಗೆ 11 ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಒಂದು ರೇಡಿಯೋ ಮಿಡಿತ ಕಳಿಸುತ್ತದೆ. ಇಂಥ ನಕ್ಷತ್ರ ಶಕ್ತಿ ಕಳೆದುಕೊಂಡು ನಿಧಾನವಾಗುತ್ತಾ ಹೋಗಬೇಕು. ಹಾಗೆ ಹೋಗುತ್ತಲೂ ಇತ್ತು. ಆದರೆ ಫೆಬ್ರವರಿ ಕೊನೆಗೂ ಮಾರ್ಚ್ ಆರಂಭಕ್ಕೂ ನಡುವಿನ ಒಂದು ವಾರದೊಳಗೆ ಅದು ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಂಡಿತ್ತು! ಹೆಚ್ಚಳ ಹತ್ತು ಲಕ್ಷಕ್ಕೆ ಎರಡು ಪಾಲು ಅಷ್ಟೇ. ಆದರೂ ನಕ್ಷತ್ರವೊಂದನ್ನು ಯಾರು ತಳ್ಳಿದರು? ಅಮೆರಿಕದ ಇನ್ನೊಂದು ತಂಡವೂ ಅದನ್ನೇ ಕಂಡಿತ್ತು. ಎರಡೂ ವರದಿಗಳು ಒಟ್ಟಿಗೆ ‘ನೇಚರ್’ ಪತ್ರಿಕೆಯಲ್ಲಿ ಬಂದವು. 1972ರಲ್ಲಿ ರಾಧಾಕೃಷ್ಣನ್ ಬೆಂಗಳೂರಿಗೆ ಬಂದು, ತಂದೆ ಕಟ್ಟಿದ ಸಂಸ್ಥೆಯ ನಿರ್ದೇಶಕರಾಗಿ 1994ರವರೆಗೆ ನಡೆಸಿದರು.

1975ರಲ್ಲಿ ಆಂಡರ್ಸನ್ ಮತ್ತು ಇಟೊ ಒಂದು ಉತ್ತರ ಸೂಚಿಸಿದರು. ನಕ್ಷತ್ರದ ಒಳಗಿನ ನ್ಯೂಟ್ರಾನುಗಳು ಅತಿದ್ರವ. (ಕೋಟಿಗಟ್ಟಲೆ ಡಿಗ್ರಿ ಬಿಸಿಯಲ್ಲಿ ಅತಿದ್ರವವೇ ಎನ್ನಬೇಡಿ; ಒಂದು ಚಮಚೆಗೆ ನೂರು ಕೋಟಿ ಟನ್ ತೂಗುವ ದಟ್ಟಣೆಯಲ್ಲಿ ಅದು ತಣ್ಣಗೆಂದೇ ಲೆಕ್ಕ.) ತಿರುಗುವ ಅತಿದ್ರವದಲ್ಲಿ ಸುಳಿಗಳಿರಲೇಬೇಕು. ವೇಲಾದಲ್ಲಿ ಎಷ್ಟೆಂದು ಲೆಕ್ಕ ಹಾಕಿದರೆ ಒಂದರ ಮುಂದೆ 17 ಸೊನ್ನೆ, ಒಂದರಿಂದೊಂದಕ್ಕೆ ಕೂದಲೆಳೆಯ ಅಂತರ. ಒಳಗಿನ ದ್ರವದ ವೇಗ ತಗ್ಗಬೇಕಾದರೆ ಸುಳಿಗಳ ಸಂಖ್ಯೆ ತಗ್ಗಬೇಕು. ಅವು ತಾವಾಗಿ ಕರಗುವಂತಿಲ್ಲ, ಅಂಚಿಗೆ ಸರಿಯಬೇಕು ಎಂದು ಆಗಲೇ ನೋಡಿದೆವು. ಆದರೆ ಹೊರಗಿನ ಗಟ್ಟಿ ಚಿಪ್ಪಿನಲ್ಲಿ ಅವು ಮುಳ್ಳುಬೇಲಿಗೆ ಸೆರಗು ಸಿಕ್ಕಂತೆ ಸಿಕ್ಕಿಕೊಂಡಿರುತ್ತವೆ. ಚಿಪ್ಪು ನಿಧಾನವಾಗುತ್ತಾ ಹೋಗುತ್ತದೆ, ಒಳಗಿನ ದ್ರವ ಹಳೆಯ ವೇಗದಲ್ಲೇ ತಿರುಗುತ್ತಿರುತ್ತದೆ. ಎಳೆತ ಹೆಚ್ಚಿ ಹೆಚ್ಚಿ ಒಂದು ದಿನ ಅಸಂಖ್ಯ ಸುಳಿಗಳು ಒಟ್ಟಿಗೆ ಕಿತ್ತುಕೊಂಡು ಹೊರಗೆ ನುಗ್ಗುತ್ತವೆ. ಒಳಗಿನ ದ್ರವ ಕೂಡಿಟ್ಟ ತಿರುಗಾಟವೆಲ್ಲ ಚಿಪ್ಪಿಗೆ ಸೇರಿ ಅದು ಮುಗ್ಗರಿಸಿದಂತೆ ಮುಂದಕ್ಕೆ ಜಿಗಿಯುತ್ತದೆ. 1969ರಿಂದ ಈಚೆಗೆ ವೇಲಾ ಇಪ್ಪತ್ತಕ್ಕೂ ಹೆಚ್ಚು ಸಲ ಹೀಗೆ ಜಿಗಿದಿದೆ.

ಒಪ್ಪಬಹುದಾದ ಉತ್ತರವೇ, ಆದರೆ ಪೂರ್ತಿ ಅಲ್ಲ. ಚಿಪ್ಪಿನೊಳಗಿನ ಅತಿದ್ರವ ಅಷ್ಟು ದೊಡ್ಡ ಜಿಗಿತಕ್ಕೆ ಸಾಲದು ಎಂದು 2012ರ ಸುಮಾರಿಗೆ ಕೆಲವರು ಲೆಕ್ಕ ತೋರಿಸಿದರು. ಮೊದಲು ಯಾವ ಸುಳಿ ಕಿತ್ತುಕೊಳ್ಳುತ್ತದೆ, ಉಳಿದವು ಅದನ್ನು ಹಿಂಬಾಲಿಸುವುದೇಕೆ ಎಂಬುದೂ ಬಗೆಹರಿದಿಲ್ಲ. ನಕ್ಷತ್ರದೊಳಗೆ ಹೋಗಿ ನೋಡುವಂತಿಲ್ಲವಲ್ಲ! ಇಲ್ಲಿಯೇ ತಣ್ಣನೆಯ ಪರಮಾಣುಗಳು ನೆರವಿಗೆ ಬರುತ್ತವೆ. ಪರಮಾಣು ಮೋಡವನ್ನು ವಿವರಿಸುವ ಸಮೀಕರಣಕ್ಕೆ ಗುರುತ್ವವನ್ನೂ ಒಂದು ಚಿಪ್ಪನ್ನೂ ಸೇರಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್, ಅಖಿಲೇಶ್ ಕುಮಾರ್ ವರ್ಮಾ ಮತ್ತು ಪ್ಯಾರಿಸ್‌ನ ಬ್ರಾಶೆ 2022ರಲ್ಲಿ ಕಂಪ್ಯೂಟರಿನಲ್ಲಿ ಪುಟ್ಟ ನಕ್ಷತ್ರವೊಂದನ್ನು ತಿರುಗಿಸಿ, ಚಿಪ್ಪು ಹೀಗೆ ಜಿಗಿಯುವುದನ್ನು ತೋರಿಸಿದರು. ಮರುವರ್ಷ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ತಂಡ ಡಿಸ್ಪ್ರೋಸಿಯಂ ಪರಮಾಣುಗಳಿಂದ ಇದನ್ನು ಪ್ರಯೋಗದಲ್ಲೇ ಮಾಡಬಹುದೆಂದು ಲೆಕ್ಕ ಹಾಕಿತು: ಹರಳಿನಂತೆ ಸಾಲುಗಟ್ಟಿಯೂ ಅತಿದ್ರವದಂತೆ ಹರಿಯುವ ಸ್ಥಿತಿಯಲ್ಲಿ ಸುಳಿಗಳು ಸಿಕ್ಕಿಕೊಳ್ಳಲು ‘ಬೇಲಿ’ಯೂ ಇರುತ್ತದೆ. ಅಂಥ ಸ್ಥಿತಿಯಲ್ಲಿ ಸುಳಿ ಇರುವುದನ್ನು 2024ರಲ್ಲಿ ಕಂಡೂ ಆಯಿತು. ಜಿಗಿತವನ್ನು ಪ್ರಯೋಗಾಲಯದಲ್ಲಿ ಹಿಡಿಯುವುದು ಮುಂದಿನ ಮಾತು.

ಅಷ್ಟರವರೆಗೆ ಆಕಾಶವನ್ನೇ ನೋಡಬೇಕು. ಅದಕ್ಕೆ ಪುಣೆಗಿಂತ ಒಳ್ಳೆಯ ಊರಿಲ್ಲ. ನಾಶಿಕ್ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್. ಅಲ್ಲಿಂದ ಒಳಗೆ ಖೋಡದ್‌ನಲ್ಲಿ ಜಿಎಂಆರ್‌ಟಿ ಇದೆ, 45 ಮೀಟರ್ ಅಗಲದ 30 ತಟ್ಟೆಗಳ ರೇಡಿಯೋ ದೂರದರ್ಶಕ. ಪಲ್ಸಾರುಗಳ ಜಿಗಿತವನ್ನು ಅಲ್ಲಿಂದಲೂ ಊಟಿಯ ದೂರದರ್ಶಕದಿಂದಲೂ ಗಮನಿಸುತ್ತಾ ಬಂದಿದ್ದಾರೆ. ರಾಮನ್ ಪರಿಣಾಮ ಕಂಡ ದಿನವಾದ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಖೋಡದ್‌ನಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶನ ಏರ್ಪಡಿಸುವ ರೂಢಿಯಿದೆ. ಬೆಳಗಿನ ಬಸ್ಸು ಹಿಡಿದು ಹೋಗಿ. ತಟ್ಟೆಗಳ ಬಳಿ ನಿಂತಿರುವ ಸಂಶೋಧಕರನ್ನು ವೇಲಾ ಕೊನೆಯ ಸಲ ಜಿಗಿದದ್ದು ಯಾವಾಗ ಎಂದು ಕೇಳಿ ನೋಡಿ. ಮರಾಠಿಯಲ್ಲೇ ಕೇಳಿದರೂ ಅಡ್ಡಿಯಿಲ್ಲ.